ನನ್ನ ಹೆಸರಿನಡಿ ಬಚ್ಚಿಟ್ಟ ದನಿ

ನಾನು ಮಾಡಿದ ತಪ್ಪನ್ನು ಪೊಲೀಸ್ ಠಾಣೆಗೆ ಹೋಗಿ ಹೇಳಿದರೆ ಅವರು ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲರ ಕೈಗೂ ಸಿಗುವ ಜಾಗದಲ್ಲಿ ಇಡಬೇಕಾಗಿದ್ದ ಒಂದು ತಂತ್ರಾಂಶವನ್ನು ನನ್ನ ಹೆಸರಿನ ಫೋಲ್ಡರಿನಲ್ಲಿ ಇಟ್ಟೆ. ಅಷ್ಟೇ. ಆದರೆ ಅದರಿಂದ ಕಣ್ಣು ಕಾಣದ ಒಬ್ಬ ಹೆಣ್ಣುಮಗಳು ತಾನು ಬಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸವನ್ನು ಕಳೆದುಕೊಂಡರು. ಅದಕ್ಕೆ ನಾನೇ ಕಾರಣ ಎಂಬುದನ್ನು ಮೂರು ವರ್ಷ ಅವರಿಗೆ ಹೇಳಲಿಲ್ಲ.

ನಾನು ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಪರೀಕ್ಷೆ ಮುಗಿದ ಮರುವಾರವೇ ಬೆಳಗಾವಿಯ ಒಂದು ಛಾಪಖಾನೆಯಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಕನ್ನಡ, ಮರಾಠಿ ಎರಡೂ ಅಚ್ಚಾಗುತ್ತಿತ್ತು. ಅಕ್ಷರದ ಮೊಳೆಗಳು ಕೇಸು ಎಂಬ ಅಗಲವಾದ ಮರದ ತಟ್ಟೆಯಲ್ಲಿ, ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆಯಂತೆ ಇರುತ್ತಿದ್ದವು. ಸೇರಿದ ಹೊಸದರಲ್ಲಿ ನನ್ನ ಕೈಗೆ ಹತ್ತಿರವಾಗಲೆಂದು ಎರಡು ಖಾನೆಗಳನ್ನು ಅದಲುಬದಲು ಮಾಡಿದ್ದೆ. ನನಗೆ ಕೆಲಸ ಕಲಿಸುತ್ತಿದ್ದ ಮುದುಕರು ಅದನ್ನು ನೋಡಿ ಬೆನ್ನ ಮೇಲೆ ಒಂದು ಬಿಟ್ಟರು.

“ಕೇಸು ನಿಮ್ಮಪ್ಪಂದಲ್ಲಲೇ. ನಾಳೆ ನೀ ಜ್ವರಾ ಬಂದು ಮಕ್ಕೊಂಡಿ ಅಂದ್ರ, ನಿನ್ನ ಜಾಗಾಕ್ಕ ಬಂದಾಂವ ಕಣ್ಣು ಮುಚ್ಚಿ ಕೈ ಹಾಕಿದ್ರೂ ಅವಗ ಅಕ್ಷರ ಸಿಗಬೇಕು” ಎಂದರು.

ಆ ಪಾಠವನ್ನು ನಾನು ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿದ್ದೇ ಮಾಡಿದೆ.

ಸೀಸದ ಮೊಳೆಗಳ ಕಾಲ ಮುಗಿದು ಕಂಪ್ಯೂಟರು ಬಂದಾಗ ನನ್ನಂಥ ಕೆಲವರು ಮನೆಗೆ ಹೋದರು. ನಾನು ಹಟ ಹಿಡಿದು ಕಲಿತೆ. ನಮ್ಮ ಛಾಪಖಾನೆಯಲ್ಲಿ ಮುಕ್ತ ತಂತ್ರಾಂಶದ ವ್ಯವಸ್ಥೆ ಹಾಕಿದ್ದರು. ಅದರ ಮೂಲ ಬರವಣಿಗೆ ಯಾರು ಬೇಕಾದರೂ ತೆರೆದು ಓದಿ, ತಿದ್ದಿ, ತಮ್ಮ ಯಂತ್ರದಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು. ನನಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಮೂಲದ ಜೊತೆ ಬರುವ ಸೂಚನೆಯ ಹಾಳೆಯನ್ನು ಬೆರಳಿಟ್ಟು ಓದುತ್ತಾ ಒಂದೊಂದೇ ಆಜ್ಞೆ ಕಲಿತೆ. ವರ್ಷಗಳು ಕಳೆದಂತೆ ಛಾಪಖಾನೆಯ ಎಲ್ಲ ಯಂತ್ರಗಳ ಮೇಲ್ವಿಚಾರಣೆ ನನ್ನ ಕೈಗೆ ಬಂತು.

ಅವರು ಬಂದದ್ದು ನಾನು ಐವತ್ತು ದಾಟಿದ ಮೇಲೆ. ಖಾನಾಪುರದವರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಹುಟ್ಟಿನಿಂದಲೇ ಕಣ್ಣಿಲ್ಲ. ಫೋನು ಎತ್ತುವ ಕೆಲಸಕ್ಕೆ ತೆಗೆದುಕೊಂಡಿದ್ದರು. ಬೆಳಿಗ್ಗೆಯ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಇಡೀ ಛಾಪಖಾನೆ ಅವರನ್ನು ಅಕ್ಕಾರ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಕಾಕಾ ಎಂದರು.

ಬಂದ ಕೆಲವು ದಿನಕ್ಕೆ ಅವರೇ ಕೇಳಿದರು: “ಕಾಕಾ, ಪರದೆ ಮ್ಯಾಲಿಂದು ಓದಿ ಹೇಳೂ ಸಾಫ್ಟ್‌ವೇರ್ ಐತಂತಲ್ರಿ, ನಮ್ಮ ಮಶಿನ್ಯಾಗ ಹಾಕ್ತೀರೇನು? ಫೋನು ದಿನಕ್ಕ ಹತ್ತು ಸಲ ಬರತೈತಿ. ಉಳಿದ ಹೊತ್ತು ನಾ ಏನ್ ನೊಣಾ ಹೊಡೀಲಿ?”

ಹಾಕಿದೆ. ವ್ಯವಸ್ಥೆಯ ಜೊತೆಗೇ ಬಂದಿದ್ದ ದನಿ ಕನ್ನಡವನ್ನು ಅಗಿದು ಉಗುಳಿದಂತೆ ಓದುತ್ತಿತ್ತು. ಬಾಳೆಹಣ್ಣಿಗೆ ಬಾಲೆಹಣ್ಣು ಎಂದಿತು. ಅಕ್ಕಾರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದಕ್ಕ ಹಲ್ಲು ಬಿದ್ದಾವೇನ್ರಿ? ಮರಾಠಿ ಅಂತೂ ದಿಲ್ಲಿಯಾಂವ ಓದಿದಂಗ ಓದತೈತಿ. ಖಾನಾಪುರಕ್ಕ ಕರಕೊಂಡು ಹೋದ್ರ ಕಲ್ಲು ಒಗೀತಾರ ಇದಕ್ಕ.”

ಆದರೆ ಆ ನಗುವಿನ ನಡುವೆಯೇ ಒಂದು ಸಂಗತಿ ಹೊರಬಿತ್ತು. ನಾನು ಅಚ್ಚಿಗೆ ಹೋಗಬೇಕಿದ್ದ ಒಂದು ಪುಟವನ್ನು ಪರೀಕ್ಷೆಗೆಂದು ಓದಿಸಿದ್ದೆ. ಅವರು ತಟ್ಟನೆ, “ತಡೀರಿ, ಅಲ್ಲೊಂದು ಶಬ್ದ ಎರಡು ಸಲ ಬಂತು” ಎಂದರು. ನೋಡಿದರೆ ಹೌದು. ಇಬ್ಬರು ಕಣ್ಣಿದ್ದವರು ತಿದ್ದಿದ್ದ ಕರಡು ಅದು. ಕಣ್ಣು ತಾನು ಓದಬೇಕೆಂದುಕೊಂಡದ್ದನ್ನೇ ಓದಿ ಮುಂದೆ ಹೋಗುತ್ತದೆ. ಯಂತ್ರ ಇದ್ದದ್ದನ್ನು ಇದ್ದಹಾಗೆ ಓದುತ್ತದೆ, ಕೇಳುವ ಕಿವಿ ಚುರುಕಾಗಿದ್ದರೆ ತಪ್ಪು ಸಿಕ್ಕಿಬೀಳುತ್ತದೆ. ಅಂದಿನಿಂದ ಅಕ್ಕಾರು ಕಿವಿಯಿಂದ ಕರಡು ತಿದ್ದಲು ಶುರುಮಾಡಿದರು.

ಅದಕ್ಕೆ ದನಿ ಸರಿಯಾಗಬೇಕಾಗಿತ್ತು. ನಾನು ಅದರ ಮೂಲವನ್ನು ಇಳಿಸಿಕೊಂಡೆ. ಯಾವ ಅಕ್ಷರವನ್ನು ಹೇಗೆ ನುಡಿಯಬೇಕೆಂಬ ನಿಯಮಗಳ ಕಡತ ಅದರಲ್ಲಿತ್ತು. ಮಧ್ಯಾಹ್ನ ಊಟವಾದ ಮೇಲೆ ನನ್ನ ಕುರ್ಚಿಯ ಬಾಜು ಅವರ ಕುರ್ಚಿ. ಅವರು ಹೇಳುತ್ತಿದ್ದರು, ನಾನು ನಿಯಮ ಬರೆಯುತ್ತಿದ್ದೆ, ಕಟ್ಟುತ್ತಿದ್ದೆ, ಓದಿಸುತ್ತಿದ್ದೆ. “ಇನ್ನಷ್ಟ ಗಟ್ಟಿ.” “ಈಗ ಭಾಳ ಆತು, ಸಿಟ್ಟಿಗೆದ್ದಂಗ ಅನ್ನಸತೈತಿ.” “ಅಲ್ಪವಿರಾಮಕ್ಕ ಉಸರು ಬಿಡಸ್ರಿ, ಪಾಪ, ಸಾಯತೈತಿ ಅದು.” ಬೇಕಂತಲೇ ತಪ್ಪುಗಳನ್ನು ಎತ್ತಿ ತೋರಿಸುವ, ಒಂದು ಅಕ್ಷರವನ್ನೂ ನುಂಗದ ದನಿ ಅವರಿಗೆ ಬೇಕಾಗಿತ್ತು. ಒಂಬತ್ತು ತಿಂಗಳು ಹೀಗೆ ನಡೆಯಿತು. ಹೊರಗೆ ಮುದ್ರಣಯಂತ್ರದ ಸದ್ದು, ಒಳಗೆ ಈ ತಗಡು ಬಡಿದಂಥ ದನಿ, ನಡುನಡುವೆ ಅವರ ನಗು. ನನ್ನ ಬದುಕಿನ ಒಳ್ಳೆಯ ಮಧ್ಯಾಹ್ನಗಳನ್ನು ಎಣಿಸು ಎಂದರೆ ನಾನು ಮದುವೆಯ ದಿನಕ್ಕಿಂತ ಮೊದಲು ಅವನ್ನೇ ಎಣಿಸಿಬಿಡುತ್ತೇನೇನೋ ಎಂಬ ಭಯ ನನಗಿದೆ. ಅದು ಯಾವ ಬಗೆಯ ಅಕ್ಕರೆ ಎಂದು ನನ್ನನ್ನು ಕೇಳಬೇಡಿ. ಒಬ್ಬರಿಗೆ ನಾನು ಬೇಕಾಗಿದ್ದೆ, ಅಷ್ಟು ಗೊತ್ತು.

ಇನ್ನು ತಪ್ಪಿನ ಮಾತು.

ಮೂಲದಿಂದ ತಂತ್ರಾಂಶ ಕಟ್ಟುವಾಗ ಮೊದಲು ‘ಕಾನ್ಫಿಗರ್’ ಎಂಬ ಆಜ್ಞೆ ಕೊಡಬೇಕು. ಕಟ್ಟಿದ್ದನ್ನು ಎಲ್ಲಿ ಇಡಬೇಕೆಂಬುದು ಆಗಲೇ ನಿರ್ಧಾರವಾಗುತ್ತದೆ. ನಾವು ಏನೂ ಹೇಳದಿದ್ದರೆ ಅದು ‘ಯುಎಸ್‌ಆರ್’ ಎಂಬ ಫೋಲ್ಡರಿನ ಒಳಗಿರುವ ‘ಲೋಕಲ್’ಗೆ ಹೋಗುತ್ತದೆ. ಬರೀ ಯುಎಸ್‌ಆರ್ ವ್ಯವಸ್ಥೆಯ ಸ್ವಂತ ಸಾಮಾನಿನ ಜಾಗ. ಅಲ್ಲಿ ಹಳೆಯದನ್ನು ತೆಗೆಯುವುದು, ಹೊಸದನ್ನು ಇಡುವುದು ಎಲ್ಲ ಅದರದೇ ಕೆಲಸ, ನಾವು ಕೈಹಾಕಬಾರದು. ಲೋಕಲ್ ಎಂಬುದು ಆ ಯಂತ್ರದ ಮಂದಿ ತಾವೇ ಕಟ್ಟಿಕೊಂಡದ್ದಕ್ಕೆ ಬಿಟ್ಟ ಜಾಗ. ಯಂತ್ರದ ಮುಂದೆ ಯಾರು ಕುಳಿತರೂ ಅಲ್ಲಿರುವುದು ಸಿಗುತ್ತದೆ. ಇಟ್ಟವನು ಕೆಲಸ ಬಿಟ್ಟು ಹೋದರೂ ಉಳಿಯುತ್ತದೆ. ಬೇರೆಲ್ಲಾದರೂ ಇಡಬೇಕೆಂದರೆ ‘ಪ್ರಿಫಿಕ್ಸ್’ ಎಂದು ಬರೆದು ಜಾಗ ತೋರಿಸಬೇಕು. ತೋರಿಸಿದ ವಿಳಾಸ ತಂತ್ರಾಂಶದ ಹೊಟ್ಟೆಯೊಳಗೇ ಸೇರಿಹೋಗುತ್ತದೆ. ಆಮೇಲೆ ಆ ಜಾಗ ಇಲ್ಲದಾದರೆ ಅದೂ ಇಲ್ಲ.

ನಾನು ಪ್ರಿಫಿಕ್ಸ್ ಎಂದು ಬರೆದು ನನ್ನ ಹೋಮ್ ಫೋಲ್ಡರಿನ ವಿಳಾಸ ಕೊಟ್ಟೆ. ಅದು ನನ್ನ ಹೆಸರಿನದು, ನನ್ನ ಗುಪ್ತಪದಕ್ಕೆ ಮಾತ್ರ ತೆರೆಯುವಂಥದು. ಅಕ್ಕಾರ ಖಾತೆಯಿಂದ ಅಲ್ಲಿಗೆ ಒಂದು ಸಣ್ಣ ಕಿಂಡಿ ಬಿಟ್ಟೆ. ಕಿಂಡಿ ಮುಚ್ಚಿದರೆ ಅವರ ದನಿ ನಿಲ್ಲುತ್ತದೆ. ನಿಂತರೆ ನನ್ನನ್ನೇ ಕರೆಯಬೇಕು.

ಆಗ ಹೊಸದಾಗಿ ಒಬ್ಬ ಡಿಟಿಪಿಯವಳು ಸೇರಿದ್ದಳು. ಕಾಲೇಜು ಕಲಿತವಳು, ಚುರುಕು. ಅಕ್ಕಾರ ಜೊತೆ ಮರಾಠಿಯಲ್ಲಿ ಹರಟುತ್ತಿದ್ದಳು. ನಾನು ಮೂರು ದಿನದಲ್ಲಿ ಮಾಡುವುದನ್ನು ಆಕೆ ಒಂದು ತಾಸಿನಲ್ಲಿ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಲೋಕಲ್‌ನಲ್ಲಿ ಇಟ್ಟಿದ್ದರೆ ಆಕೆಯೂ ನೋಡಿಕೊಳ್ಳಬಹುದಾಗಿತ್ತು. ಅದಕ್ಕೇ ಇಡಲಿಲ್ಲ.

ಇದಕ್ಕಿಂತ ಕೀಳಾದದ್ದು ಇನ್ನೊಂದಿದೆ. ಮೂರು ಸಲ ನಾನೇ ಆ ಕಿಂಡಿಯನ್ನು ಮುಚ್ಚಿದೆ. ಅವರಿಬ್ಬರೂ ನಗುತ್ತಾ ಕುಳಿತದ್ದನ್ನು ನೋಡಿ ಒಂದೇ ಆಜ್ಞೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಅಕ್ಕಾರ ದನಿ ಕೇಳಿಸಿತು: “ಕಾಕಾ, ಮತ್ತ ಮೂಕ ಆತ್ ನೋಡ್ರಿ ಇದು. ಲಗೂನ ಬರ್ರಿ.” ಆ ‘ಲಗೂನ ಬರ್ರಿ’ ಕೇಳಲಿಕ್ಕೆ ಮಾಡಿದೆ. ಹೋಗಿ, ಕಷ್ಟಪಟ್ಟವನ ಹಾಗೆ ಅರ್ಧ ತಾಸು ಕೀಲಿಗಳನ್ನು ಒತ್ತಿ, ಕಿಂಡಿ ತೆರೆದೆ. “ನೀವಿಲ್ಲಂದ್ರ ನನ್ನ ಗತಿ ಏನ್ರಿ” ಎಂದರು. ಒಳಗೆ ನಾಚಿಕೆಯಾಯಿತು. ಸುಖವೂ ಆಯಿತು. ಸುಖ ಹೆಚ್ಚಾಗಿತ್ತು.

ಕಣ್ಣಿಗೆ ಪೊರೆ ಬಂದು ನಾನು ಕೆಲಸ ಬಿಟ್ಟೆ. ಬೀಳ್ಕೊಡುವ ದಿನ ಎಲ್ಲರೂ ಮಾತಾಡಿದರು, ನಾನೂ ಮಾತಾಡಿದೆ. ಆ ಫೋಲ್ಡರಿನ ವಿಷಯ ಎತ್ತಲಿಲ್ಲ. ಎತ್ತಿದರೆ ಯಾಕೆ ಅಲ್ಲಿಟ್ಟಿರಿ ಎಂದು ಕೇಳುತ್ತಾರೆ. ಕೆಲಸ ಬಿಟ್ಟವರ ಖಾತೆಗಳನ್ನು ಅಳಿಸುವುದು ಅಲ್ಲಿಯ ರೂಢಿ. ಒಂದು ತಿಂಗಳಿಗೆ ನನ್ನದನ್ನೂ ಅಳಿಸಿದರು. ದನಿ, ನಿಯಮ, ಒಂಬತ್ತು ತಿಂಗಳ ಮಧ್ಯಾಹ್ನ ಎಲ್ಲ ಅದರೊಳಗೇ ಇತ್ತು.

ಅಕ್ಕಾರು ಮನೆಗೆ ಫೋನು ಮಾಡಿದರು. ಹೋಗಿ ನೋಡಿದೆ. ನನ್ನ ಹೆಸರಿನ ಜಾಗ ಖಾಲಿ. ಅವರು ಮುಖವನ್ನು ನನ್ನತ್ತ ತಿರುಗಿಸಿ ಕಾಯುತ್ತಿದ್ದರು.

“ಹೊಸ ಆವೃತ್ತಿಗೆ ಇದು ಹೊಂದಲಿಲ್ರಿ ಅಕ್ಕಾರ. ಹಳೇದಾತು, ಇನ್ನ ನಡಿಯೂದಿಲ್ಲ” ಎಂದೆ.

“ಖರೇನ?”

“ಖರೇ.”

ನನ್ನ ಮಾತು ನಂಬಿ ಡಿಟಿಪಿಯವಳೂ ಅದರ ಗೊಡವೆಗೆ ಹೋಗಲಿಲ್ಲ. ಅಕ್ಕಾರನ್ನು ಮತ್ತೆ ಬರೀ ಫೋನಿಗೆ ಕೂಡಿಸಿದರು. ಎಲ್ಲರ ಕೈಯಲ್ಲೂ ಮೊಬೈಲು ಬಂದ ಮೇಲೆ ಛಾಪಖಾನೆಯ ಫೋನಿಗೆ ಏನು ಕೆಲಸ? ಕೆಲವು ತಿಂಗಳಿಗೆ ಅವರೇ ಬಿಟ್ಟರಂತೆ. ಕೇಳಿ ನಾನು ಸುಮ್ಮನಿದ್ದೆ. ಆದರೆ ಮಧ್ಯಾಹ್ನ ಎರಡು ಗಂಟೆಯಾದರೆ ನನ್ನ ಕಿವಿ ತಾನಾಗಿಯೇ ಏನನ್ನೋ ಕಾಯುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಸದಾಶಿವನಗರದ ನಮ್ಮ ಮನೆಗೆ ಸುಣ್ಣ ಹೊಡೆಸಿದೆವು. ಕಪಾಟು ಖಾಲಿಮಾಡುವಾಗ ನನ್ನ ಹೆಂಡತಿ ಒಂದು ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದು, “ಇದೇನ್ರಿ, ಒಗೀಲೇನು?” ಎಂದಳು. ಹಾಕಿ ನೋಡಿದೆ. ಯಾವಾಗಲೋ ಮನೆಗೆ ತಂದಿದ್ದ ಮೂಲದ ಪ್ರತಿ, ಅಕ್ಕಾರು ಹೇಳಿ ಬರೆಸಿದ ನಿಯಮಗಳ ಸಮೇತ. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಏನಾಯಿತೆಂದು ಹೆಂಡತಿ ಕೇಳಿದಳು. ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ. ಅವಳು ಕಪಾಟಿಗೆ ಕಾಗದ ಹಾಸುವುದನ್ನು ನಿಲ್ಲಿಸಲೇ ಇಲ್ಲ.

“ಮೂರು ಸಲ ಅಕಿ ಬಾಯಿ ಮುಚ್ಚಿಸಿದ್ರಲ್ಲ, ಈಗ ನಿಮ್ಮ ಬಾಯಿ ತಗೀರಿ” ಎಂದಳು. “ಖಾನಾಪುರ ಏನ್ ಕಾಶಿ ಅಲ್ಲ. ನಾಳೆ ಮುಂಜಾನೆ ಗಾಡಿಗೆ ಹೋಗ್ರಿ.”

ರೈಲು ದೇಸೂರು ದಾಟುವಾಗ ಇಳಿದು ಹಿಂದಿರುಗಲೇ ಅನ್ನಿಸಿತು. ಇಷ್ಟು ವರ್ಷ ಅವರು ದಿನಕ್ಕೆ ಎರಡು ಸಲ ಓಡಾಡಿದ ದಾರಿಯಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ.

ಅಕ್ಕಾರು ಅಣ್ಣ-ಅತ್ತಿಗೆಯ ಮನೆಯಲ್ಲಿದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಮಾತಾಡುವ ಮೊದಲೇ, ಕೆಮ್ಮಿದ್ದಕ್ಕೇ ಗುರುತು ಹಿಡಿದರು. “ಕಾಕಾ! ಬರ್ರಿ, ಒಳಗ ಬರ್ರಿ, ಕುಂದರ್ರಿ. ವೈನಿ, ಛಾಪಖಾನೆ ಕಾಕಾ ಬಂದಾರ, ಚಹಾ ಇಡ್ರಿ.” ಪೆನ್‌ಡ್ರೈವ್ ನನ್ನ ಕಿಸೆಯಲ್ಲೇ ಉಳಿಯಿತು.

ಮೊಬೈಲು ಈಗ ಎಲ್ಲ ಓದುತ್ತದಲ್ಲ ಎಂದು ಮಾತು ತೆಗೆದೆ.

“ಓದತೈತ್ರಿ, ಅಗದಿ ಸವಿಯಾಗಿ ಓದತೈತಿ. ಅದ ತ್ರಾಸು. ತಪ್ಪಿದ್ದಲ್ಲಿ ಜಾರಿ ಮುಂದ ಹೋಗತೈತಿ, ಗೊತ್ತ ಆಗಂಗಿಲ್ಲ. ಇಲ್ಲೊಬ್ಬರು ಶಾಲಿ ಪುಸ್ತಕದ ಕರಡು ತಿದ್ದಿಕೊಡ್ರಿ ಅಂತ ಕೇಳಾಕತ್ತಾರ. ಆಗೂದಿಲ್ಲ ಅಂತ ಹೇಳೇನಿ. ನಮ್ಮ ಆ ತಗಡಿನ ದನಿ ಇದ್ದಿದ್ರ...”

ನಾನು ಪೆನ್‌ಡ್ರೈವ್ ಅವರ ಅಂಗೈಯಲ್ಲಿಟ್ಟೆ. ಇಟ್ಟು, ಹೇಳಿದೆ. ಆ ದನಿ ಹಳೆಯದಾಗಿ ಸತ್ತದ್ದಲ್ಲ, ನನ್ನ ಹೆಸರಿನ ಫೋಲ್ಡರಿನೊಳಗೆ ಇಟ್ಟಿದ್ದರಿಂದ ನನ್ನ ಹೆಸರಿನ ಜೊತೆ ಅಳಿಸಿಹೋಯಿತು ಎಂದೆ.

“ಗೊತ್ತಲ್ರಿ, ನಿಮ್ಮ ಹೆಸರಿನ್ಯಾಗ ಇದ್ದದ್ದು” ಎಂದರು ಅವರು. “ದಿನಾ ಚಾಲೂ ಆಗೂ ಮುಂದ ಮಶಿನ್ ಅದರ ವಿಳಾಸ ಓದಿ ಹೇಳತಿತ್ತಲ್ಲ. ಹೋಮ್ ಅಂತಿತ್ತು, ಆಮ್ಯಾಲ ನಿಮ್ಮ ಹೆಸರು. ನಾ ಏನ್ ತಿಳಕೊಂಡಿದ್ದೆ ಅಂದ್ರ, ಬೋರ್ಡ್ ಬರಿಯೂ ಪೇಂಟರ್ ಮೂಲ್ಯಾಗ ತನ್ನ ಹೆಸರು ಹಾಕ್ತಾನಲ್ಲ, ಹಂಗ ಇವರೂ ಹಾಕ್ಯಾರ ಅಂತ. ಹಾಕ್ಲಿ ಬಿಡು, ದುಡದಾರ ಅಂತ.”

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಕ್ಷಮೆ ಆಗಲೇ ಸಿಕ್ಕಂತಾಗಿತ್ತು. ಆದರೆ ಅವರು ಕ್ಷಮಿಸಿದ್ದು ನಾನಲ್ಲದ ಒಬ್ಬ ಒಳ್ಳೆಯ ಮನುಷ್ಯನನ್ನು. ಹಾಗಾಗಿ ಮೂರು ಸಲ ಕಿಂಡಿ ಮುಚ್ಚಿದ್ದನ್ನೂ ಹೇಳಿದೆ.

ಅವರ ವೈನಿ ಚಹಾ ತಂದಿಟ್ಟು ಇಬ್ಬರನ್ನೂ ನೋಡಿ ಒಳಗೆ ಹೋದರು.

“ಯಾವ ಯಾವ ಸಲ?” ಎಂದರು ಅಕ್ಕಾರು.

ಹೇಳಿದೆ. ಕೊನೆಯದು ಮಳೆಗಾಲದಲ್ಲಿ, ಸಂಜೆ. ಆ ದಿನ ಮುಗಿಸಿಕೊಡಬೇಕಾದ ಕರಡು ಇತ್ತು.

“ಅವತ್ತ ನನಗ ಗಾಡಿ ತಪ್ಪಿತ್ತು” ಎಂದರು. “ನಮ್ಮವ್ವ ಇಲ್ಲಿ ಸ್ಟೇಶನ್ದಾಗ ಛತ್ರಿ ಹಿಡಕೊಂಡು ಎರಡು ತಾಸು ನಿಂತಿದ್ಲು. ಬರೂದು ಯಾಕ ತಡಾ ಆತು ಅಂತ ಕೇಳಿದ್ಲು. ನಾ ಏನಂದೆ ಗೊತ್ತೇನ್ರಿ? ಕಾಕಾ ಇದ್ರು ಅಂತ ಇಷ್ಟರೊಳಗ ಬಂದೆ ಅಂದೆ.”

ತಪ್ಪಾಯಿತು ಎಂದೆ. ಆ ಮಾತು ಅಲ್ಲಿ ಬಹಳ ಸಣ್ಣದಾಗಿ ಕೇಳಿಸಿತು.

ಅವರು ಎದ್ದು ಒಳಗಿನಿಂದ ಅದೇ ಮುಕ್ತ ವ್ಯವಸ್ಥೆಯ ಹಳೆಯ ಲ್ಯಾಪ್‌ಟಾಪ್ ತಂದರು. ನನ್ನ ಮುಂದೆ ಇಡಲಿಲ್ಲ, ತಮ್ಮ ಮುಂದೆ ಇಟ್ಟುಕೊಂಡರು. “ನಾ ಒತ್ತತೀನಿ. ನೀವು ಬಾಯಿಲೆ ಹೇಳ್ರಿ, ಕೈ ಹಚ್ಚಬ್ಯಾಡ್ರಿ.”

ಕಟ್ಟಲು ಬೇಕಾದ ಸಲಕರಣೆಗಳನ್ನು ಮೊದಲು ಇಳಿಸಿಕೊಂಡೆವು. ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ದನಿ ಒತ್ತಿದ ಪ್ರತಿ ಅಕ್ಷರವನ್ನೂ ಇಂಗ್ಲಿಷಿನಲ್ಲಿ ಉಸುರುತ್ತಿತ್ತು. ಕಾನ್ಫಿಗರ್ ಎಂದು ಬರೆದು ಅವರು ಬೆರಳು ತಡೆದರು.

“ಎಲ್ಲಿ ಇಡಬೇಕು ಅಂತ ಹೇಳಬೇಕಲ್ರಿ?”

“ಏನೂ ಹೇಳಬ್ಯಾಡ್ರಿ. ಹೇಳದಿದ್ರ ಅದು ಹೋಗಬೇಕಾದಲ್ಲಿಗೇ ಹೋಗತೈತಿ.”

“ಅಷ್ಟ ಸಸಾರ ಇತ್ತೇನು?”

“ಅಷ್ಟ ಇತ್ತು.”

ಅವರು ಹುಂ ಎಂದು ಎಂಟರ್ ಒತ್ತಿದರು. ಆಮೇಲೆ ‘ಮೇಕ್’, ಆಮೇಲೆ ‘ಮೇಕ್ ಇನ್‌ಸ್ಟಾಲ್’. ಪರದೆಯ ಮೇಲೆ ಸಾಲುಗಳು ಓಡಿ ನಿಂತವು. ಕಟ್ಟಿದ ದನಿಯನ್ನು ಕರೆದರೆ ಅದು ಮಾತಾಡಲಿಲ್ಲ. ಜೊತೆಯ ಒಂದು ಕಡತ ಸಿಗುತ್ತಿಲ್ಲವೆಂದು ಲ್ಯಾಪ್‌ಟಾಪಿನ ದನಿ ಇಂಗ್ಲಿಷಿನಲ್ಲಿ ಓದಿತು. ಅಕ್ಕಾರ ಮುಖ ಕಪ್ಪಿಟ್ಟಿತು. ನಾನು ಮತ್ತೇನೋ ಮಾಡಿದೆನೆಂದು ಅವರಿಗೆ ಅನ್ನಿಸಿರಬೇಕು, ಅನ್ನಿಸಿದರೆ ತಪ್ಪೇನು? ಇಷ್ಟು ವರ್ಷ ನನ್ನ ಹೋಮ್‌ನಲ್ಲೇ ಇಟ್ಟವನಿಗೆ ಲೋಕಲ್‌ನ ರೀತಿ ಮರೆತುಹೋಗಿತ್ತು. ಕಣ್ಣು ಮುಚ್ಚಿ ಸೂಚನೆಯ ಹಾಳೆಯನ್ನು ನೆನೆದೆ. ಲೋಕಲ್‌ಗೆ ಹೊಸ ಸಾಮಾನು ಬಂದಿದೆ ಎಂದು ವ್ಯವಸ್ಥೆಗೆ ಒಮ್ಮೆ ತಿಳಿಸಬೇಕು, ಅದಕ್ಕೊಂದು ಆಜ್ಞೆಯಿದೆ.

“ಎಲ್‌ಡಿಕಾನ್ಫಿಗ್ ಅಂತ ಒತ್ರಿ” ಎಂದೆ. ಒಂದೊಂದೇ ಅಕ್ಷರ ಹೇಳಿದೆ.

ಒತ್ತಿದರು. ಮತ್ತೆ ಕರೆದರು.

ತಗಡಿನ ದನಿ ಬಂತು. ಅವರು ಟೈಪು ಮಾಡಿದ ಸಾಲನ್ನು ಒಂದು ಅಕ್ಷರ ನುಂಗದೆ, ಅಲ್ಪವಿರಾಮಕ್ಕೆ ಉಸಿರು ಬಿಟ್ಟು ಓದಿತು. ಅಕ್ಕಾರು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಒಳಗಿನಿಂದ ವೈನಿ, “ಯಾರ್ ಬಂದ್ರವ್ವಾ, ಹಿಂಗ ಒದರಾಕತ್ತಾರ?” ಎಂದರು. ಅಕ್ಕಾರು ನಕ್ಕರು. ನಾನು ನಗಲಿಲ್ಲ. ಆ ನಗುವಿನಲ್ಲಿ ಈಗ ನನಗೆ ಪಾಲಿರಲಿಲ್ಲ.

ಮೊದಲಿನಿಂದ ಕೊನೆಯವರೆಗೆ ಎಲ್ಲ ಆಜ್ಞೆಗಳನ್ನು ಅವರ ಮೊಬೈಲಿನಲ್ಲಿ ನನ್ನ ಬಾಯಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಹಾಕಿ ಕೇಳಿದರು. “ನಡುವ ಒಂದು ಬಿಟ್ರಿ ನೋಡ್ರಿ, ಮತ್ತ ಹೇಳ್ರಿ” ಎಂದರು. ಮತ್ತೆ ಹೇಳಿದೆ. ಎರಡನೆಯ ಸಲ ಸರಿಯಾಗಿತ್ತು.

ಹೊರಡುವಾಗ ಬಾಗಿಲ ತನಕ ಬಂದರು. ರೂಢಿಯ ಬಲದಿಂದ ನನ್ನ ಬಾಯಿಂದ ಬಂದೇಬಿಟ್ಟಿತು: “ಏನರ ಕೆಟ್ರ ಫೋನ್ ಮಾಡ್ರಿ ಅಕ್ಕಾರ.”

“ಕೆಟ್ರ ನಾನ ಮಾಡ್ಕೋತೀನಿ” ಎಂದರು. ಸ್ವಲ್ಪ ತಡೆದು, “ಕೆಡದಿದ್ರ ಸುಮ್ನ ಮಾತಾಡಾಕ ಮಾಡ್ತೀನಿ. ಆದ್ರ ಈಗ ಭಾಳ ಸಿಟ್ಟು ಐತ್ರಿ ಕಾಕಾ. ಅದು ಇಳೀಲಿ” ಎಂದರು.

ಇದಾಗಿ ನಾಲ್ಕು ತಿಂಗಳಾಯಿತು. ಖಾನಾಪುರದ ಕಡೆ ಈ ವರ್ಷ ಮಳೆ ಜೋರಂತೆ. ಶಾಲೆಯ ಪುಸ್ತಕದ ಕರಡು ಅವರೇ ತಿದ್ದಿಕೊಟ್ಟರೆಂದು ಹಳೆಯ ಛಾಪಖಾನೆಯವರೊಬ್ಬರು ಸಿಕ್ಕಾಗ ಹೇಳಿದರು. ಕೆಟ್ಟಿಲ್ಲ ಎಂದಾಯಿತು. ಫೋನು ಇನ್ನೂ ಬಂದಿಲ್ಲ. ನಂಬರು ನನ್ನ ಬಳಿಯೂ ಇದೆ, ನಾನೇ ಮಾಡಬಹುದು. ಮಾಡುವುದಿಲ್ಲ. ಸಿಟ್ಟು ಅವರದು, ಎಂದು ಇಳಿಯಬೇಕೆಂಬುದನ್ನೂ ಅವರೇ ನೋಡಿಕೊಳ್ಳಲಿ. ಮಧ್ಯಾಹ್ನದ ಹೊತ್ತು ಮಾತ್ರ ಸ್ವಲ್ಪ ಉದ್ದವಾಗಿದೆ.